ಕರಾವಳಿಯ ಸೆಕೆಯಲ್ಲಿ ಮನೆಯೊಳಗಿನ ನಾಯಿ: ಕೂಲರ್ ಬೇಡ, ಗಾಳಿ ಆಡಲಿ

ಕಾರವಾರದಲ್ಲಿ ಮೇಲಂತಸ್ತಿನ ತಾರಸಿ ಮನೆ, ಒಂದು ಪಗ್, ಒಂದು ಲ್ಯಾಬ್ರಡಾರ್. ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಕೂಲರ್ ಇಟ್ಟರೆ ಸಾಕಾ ಎಂದು ಕೇಳಿದ್ದೀರಿ. ಎರಡೂ ಬೇಡ. ಅವು ಕಲಬುರಗಿಯಂಥ ಒಣ ಬಿಸಿಲಿಗೆ ಸರಿ. ನಾಯಿ ಮೈ ತಣಿಸಿಕೊಳ್ಳುವುದು ಹೆಚ್ಚಾಗಿ ತೇಕಿ, ಬಾಯಿ-ನಾಲಿಗೆಯ ತೇವ ಆವಿಯಾಗಿ. ನಮ್ಮ ಗಾಳಿಯಲ್ಲಿ ನೀರು ಮೊದಲೇ ತುಂಬಿರುತ್ತದೆ. ಇನ್ನಷ್ಟು ಸೇರಿಸಿದರೆ ಎಷ್ಟು ತೇಕಿದರೂ ಬಿಸಿ ಇಳಿಯದು. ಉಷ್ಣಾಂಶ 33 ಡಿಗ್ರಿ ಇದ್ದರೂ ಪಗ್ ಒದ್ದಾಡುವುದು ಅದಕ್ಕೇ. ಅದರ ಉಸಿರಿನ ದಾರಿಯೂ ಇಕ್ಕಟ್ಟು.

ಸಮುದ್ರದ ಗಾಳಿ ಬರುವ ಪಡುವಣ ಕಿಟಕಿ ತೆರೆದಿಡಿ, ಬಿಸಿಲಿಗೆ ಹೊರಗಿನಿಂದ ತಟ್ಟಿ ಅಥವಾ ಶೇಡ್ ನೆಟ್ ಕಟ್ಟಿ. ಎದುರು ಬದಿಯ ಕಿಟಕಿಯೂ ತೆರೆದಿರಬೇಕು. ತಾರಸಿಗೆ ಸುಣ್ಣ ಬಳಿದು ಮೇಲೆ ತೆಂಗಿನ ಮಡಲು ಹಾಸಿ. ಆಗುವುದಾದರೆ ಮಧ್ಯಾಹ್ನ ನಾಯಿಗಳನ್ನು ಕೆಳಗಿನ ಮನೆಯ ಬರಿ ನೆಲದಲ್ಲಿ ಬಿಡಿ, ಹಾಸಿಗೆ ತೆಗೆಯಿರಿ. ಎಸಿ ಇದ್ದರೆ 26ಕ್ಕೆ ಇಟ್ಟರೆ ಸಾಕು, ತೇವವನ್ನೂ ಎಳೆಯುತ್ತದೆ. ಆದರೆ ಕರೆಂಟು ಹೋದರೆ ಮುಚ್ಚಿದ ಕೋಣೆ ಬೇಗ ಕಾಯುತ್ತದೆ, ಯಾರೂ ಇಲ್ಲದಾಗ ಎಸಿ ನಂಬಿ ಬಾಗಿಲು ಹಾಕಿ ಹೋಗಬೇಡಿ. ಒಣ ಮೈಗೆ ಬರಿ ಫ್ಯಾನಿನಿಂದ ಹೆಚ್ಚು ಪ್ರಯೋಜನವಿಲ್ಲ. ಹೊಟ್ಟೆ, ತೊಡೆಸಂದು, ಪಾದ ಒದ್ದೆ ಮಾಡಿ ಫ್ಯಾನ್ ಹಾಕಿ. ಆಮೇಲೆ ಪಗ್‌ನ ಮುಖದ ಮಡಿಕೆ, ಲ್ಯಾಬ್‌ನ ಕಿವಿ ಒರೆಸದಿದ್ದರೆ ಈ ತೇವಕ್ಕೆ ಹುಣ್ಣಾಗುತ್ತದೆ. ಲ್ಯಾಬ್‌ನ ಕೂದಲು ಬೋಳಿಸುವುದಂತೂ ಬೇಡವೇ ಬೇಡ.

ನೀರು ಕೆ.ಜಿ.ಗೆ ದಿನಕ್ಕೆ 50-60 ಮಿ.ಲೀ., ಸೆಕೆಗೆ ಇನ್ನೂ ಹೆಚ್ಚು. ಎರಡು ಕಡೆ ಇಡಿ. ಊಟ, ತಿರುಗಾಟ ಬೆಳಗಿನ ತಂಪಿಗೆ ಮತ್ತು ಕತ್ತಲಾದ ಮೇಲೆ.

ಶಿರಸಿಯವರಿಗೆ ಲೆಕ್ಕ ಬೇರೆ: ಘಟ್ಟದ ಮೇಲೆ ರಾತ್ರಿ ತಂಪಾಗುವುದರಿಂದ ಆಗ ಕಿಟಕಿ ತೆರೆದು, ಬಿಸಿಲೇರುವ ಮೊದಲು ಮುಚ್ಚಿದರೆ ಒಳ್ಳೆಯದು.

ನಾಯಿಯ ಸಹಜ ಉಷ್ಣಾಂಶ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಜೊಲ್ಲು ಅಂಟಂಟಾಗಿ, ಒಸಡು ಕಡುಗೆಂಪಾಗಿ, ವಾಂತಿಯಾಗಿ ತೂರಾಡಿದರೆ, ಅಥವಾ 40 ದಾಟಿದರೆ ಮೈಗೆಲ್ಲ ನಲ್ಲಿ ನೀರು ಸುರಿದು ಗಾಳಿ ಹಾಕಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಅದೇ ಕಾದು ಬಿಸಿ ಹಿಡಿದಿಡುತ್ತದೆ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಿರಿ, 39.4ಕ್ಕೆ ಇಳಿದಾಗ ನೀರು ನಿಲ್ಲಿಸಿ, ಇಲ್ಲದಿದ್ದರೆ ತೀರಾ ತಣ್ಣಗಾದೀತು. ಪ್ಯಾರಾಸಿಟಮಾಲ್ ಕೊಡಬೇಡಿ, ನಾಯಿಗೆ ಅದು ವಿಷವಾಗಬಹುದು. ಚೇತರಿಸಿಕೊಂಡಂತೆ ಕಂಡರೂ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ: ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು ಒಂದೆರಡು ದಿನ ಕಳೆದೂ ಹೊರಬೀಳುತ್ತದೆ.