ಗೀಸರ್ ರಿಪೇರಿ ಶಿವರಾತ್ರಿ ಆದ ಮೇಲೆ ಮಾಡಿಸಿದರೆ ಆಗದೇ?

ಡಿಸೆಂಬರ್ ಬಂತೆಂದರೆ ನನಗೆ ಬರುವ ಪತ್ರಗಳನ್ನು ಬಿಚ್ಚಿ ಓದಬೇಕಾಗಿಯೇ ಇಲ್ಲ. ಬಡಾವಣೆ ಬೇರೆ, ಕೈಬರಹ ಬೇರೆ, ಪ್ರಶ್ನೆ ಒಂದೇ: ‘ನೀರು ಹೇಗೋ ಕಾಯುತ್ತಿದೆ, ಚಳಿ ಮುಗಿಯಲಿ, ಆಮೇಲೆ ನೋಡೋಣವೇ?’ 28 ವರ್ಷದಿಂದ ಬೆಂಗಳೂರಿನ ಬಚ್ಚಲುಮನೆಗಳಲ್ಲಿ ಸ್ಟೂಲಿನ ಮೇಲೆ ನಿಂತು ಗೀಸರ್ ಬಿಚ್ಚುತ್ತಿದ್ದೇನೆ. ‘ಹೇಗೋ’ ಎಂಬ ಪದ ಕೇಳಿದರೆ ಈಗ ಮೈ ಉರಿಯುತ್ತದೆ. ಈ ಸಲ ಒಬ್ಬರ ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಮಿಕ್ಕವರು ಸಿಕ್ಕಿದಷ್ಟರಲ್ಲಿ ತೃಪ್ತಿಪಡಬೇಕು.

ಪ್ರಶ್ನೆ: ಸಾರ್, ನಮ್ಮದು 25 ಲೀಟರ್ ಗೀಸರ್, ತಂದು 9 ವರ್ಷವಾಯಿತು. ದೀಪಾವಳಿಯಿಂದ ಕೆಳಗೆ ಹನಿಹನಿ ತೊಟ್ಟಿಕ್ಕುತ್ತಿದೆ. ನಲ್ಲಿ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅನ್ನುತ್ತೆ. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು ನೋಡಿ, ‘ಏನೂ ಇಲ್ಲ, ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ’ ಅಂದ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಎರಡು ದಿನ ಬಿಸಿನೀರಿಲ್ಲದಿದ್ದರೆ ಕಷ್ಟ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೋಗುತ್ತಲ್ಲ, ಆಮೇಲೆ ರಿಪೇರಿ ಮಾಡಿಸಿದರೆ ಆಗದೇ? (ಓದುಗರು, ಹನುಮಂತನಗರ)

ಉತ್ತರ: ಆಗುವುದಿಲ್ಲ. ಮೊದಲು ಎದ್ದು ಹೋಗಿ ಗೀಸರ್ ಸ್ವಿಚ್ ಆಫ್ ಮಾಡಿ. ಬೋರ್ಡಿನಲ್ಲಿ ಅದರ ಎಂಸಿಬಿಯನ್ನೂ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇಳಿಸಿ. ಆಮೇಲೆ ಬಂದು ಮುಂದಿನದನ್ನು ಓದಿ.

ಆ ಚಪ್ಪಲಿ ಪಂಡಿತನನ್ನು ಮತ್ತೆ ಮನೆಯೊಳಕ್ಕೆ ಬಿಟ್ಟುಕೊಳ್ಳಬೇಡಿ. ಚಪ್ಪಲಿ ಕಾಲಲ್ಲಿರುತ್ತದೆ, ಸರಿ. ಒಂದು ಕೈ ನಲ್ಲಿಯ ಮೇಲೆ, ಇನ್ನೊಂದು ಕೈ ಒದ್ದೆ ಗೋಡೆಯ ಮೇಲೆ ಇದ್ದರೆ ಕರೆಂಟಿಗೆ ನಿಮ್ಮ ಕಾಲಿನ ಹಂಗೇ ಬೇಕಿಲ್ಲ, ಎದೆಯ ಮೂಲಕವೇ ಹಾದುಹೋಗುತ್ತದೆ. ಒಣ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಟೆಸ್ಟರ್ ಇಟ್ಟರೆ ಅದರ ಪುಟ್ಟ ದೀಪ ಕಾಣುವಷ್ಟು ಹತ್ತದೆಯೂ ಇರಬಹುದು. ದೀಪ ಹತ್ತಲಿಲ್ಲ ಎಂದರೆ ಕರೆಂಟ್ ಇಲ್ಲ ಎಂದಲ್ಲ. ಒದ್ದೆ ಮೈಯಲ್ಲಿ ಹೃದಯದ ಲಯ ತಪ್ಪಲು ಹತ್ತಾರು ಮಿಲಿ ಆಂಪಿಯರ್ ಸಾಕು. ಅದಕ್ಕೇ ಕರೆಂಟ್ ಸೋರಿದರೆ ತಾನೇ ಕಡಿಯಲೆಂದು ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೆ ಬೀಳುವಂಥದ್ದಾಗಿರಬೇಕು. ನಿಮ್ಮ ಮನೆಯಲ್ಲಿ ಜುಮ್ ಅಂದರೂ ಏನೂ ಬೀಳುತ್ತಿಲ್ಲ. ಅಂದರೆ ಆರ್‌ಸಿಸಿಬಿ ಇಲ್ಲ, ಅಥವಾ ಇದ್ದೂ ಸತ್ತಿದೆ, ಅಥವಾ ಸೋರಿಕೆ ಇನ್ನೂ ಅದಕ್ಕೆ ತಾಕುವಷ್ಟಾಗಿಲ್ಲ. ಎಂಸಿಬಿಯನ್ನು ನಂಬಿಕೊಂಡು ಕೂರಬೇಡಿ. ಅದು ತಂತಿಯನ್ನು ಕಾಯುತ್ತದೆ, ನಿಮ್ಮನ್ನಲ್ಲ.

ಜುಮ್ ಎಲ್ಲಿಂದ ಬಂತು? ಕಾಯಿಲ್ ಎಂದು ನಾವು ಕರೆಯುವುದು ಹೊರಗೆ ತಾಮ್ರದ ಕೊಳವೆ, ಒಳಗೆ ಬಿಸಿಯಾಗುವ ತಂತಿ. ಎರಡೂ ತಾಗದಂತೆ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಆ ಪುಡಿ ತೇವ ಹೀರಿಕೊಳ್ಳುತ್ತದೆ, ಕರೆಂಟ್ ನೀರಿಗಿಳಿಯುತ್ತದೆ. ನೀರೇನೋ ಆಗಲೂ ಕಾಯುತ್ತದೆ, ಚೆನ್ನಾಗಿಯೇ ಕಾಯುತ್ತದೆ. ‘ಕಾಯುತ್ತಿದೆಯಲ್ಲ’ ಎಂಬ ನಿಮ್ಮ ಸಮಾಧಾನಕ್ಕೆ ಬೆಲೆ ಇಲ್ಲದಿರುವುದು ಇಲ್ಲಿ.

ಹಿಂದೆ ಮನೆಗಳಲ್ಲಿ ಜಿಐ ಪೈಪ್ ಇರುತ್ತಿತ್ತು. ಅರ್ತಿಂಗ್ ಸರಿಯಿಲ್ಲದಿದ್ದರೂ ಸೋರಿದ ಕರೆಂಟಿನಲ್ಲಿ ಒಂದಿಷ್ಟು ಕಬ್ಬಿಣದ ಪೈಪ್ ಹಿಡಿದುಕೊಂಡು ನೆಲ ಸೇರುತ್ತಿತ್ತು. ಈಗ ಎಲ್ಲರೂ ಬಾತ್‌ರೂಮ್ ಒಡೆದು ಹೊಸದು ಮಾಡಿಸುವಾಗ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್ ಹಾಕಿಸಿದ್ದೀರಿ. ಒಳ್ಳೆಯದೇ, ತುಕ್ಕು ಹಿಡಿಯುವುದಿಲ್ಲ. ಆದರೆ ಈಗ ಗೀಸರಿಗೆ ಭೂಮಿಯ ಸಂಬಂಧ ಉಳಿದಿರುವುದು ಅರ್ತಿಂಗಿನ ಒಂದು ಹಸಿರು ತಂತಿಯಿಂದ ಮಾತ್ರ. ಅದು ಹೋಗಿ ಸೇರುವ ನೆಲದ ಗುಂಡಿ, ಅರ್ತ್ ಪಿಟ್, ಎಲ್ಲಿದೆ ಎಂದು ಕೇಳಿದರೆ ಹಳೇ ಬಡಾವಣೆಗಳಲ್ಲಿ ಅರ್ಧಕ್ಕರ್ಧ ಜನ ಕಾರು ನಿಲ್ಲಿಸಲು ಹಾಕಿಸಿದ ಟೈಲ್ಸ್ ಕಡೆ ಕೈ ತೋರಿಸುತ್ತಾರೆ. ಮುಚ್ಚಿಹೋಗಿದೆ. ಗುಂಡಿ ತೆರೆದಿದ್ದರೂ ಅದಕ್ಕೊಂದು ಬಕೆಟ್ ನೀರು ಹಾಕಿದ ನೆನಪು ಯಾರಿಗೂ ಇಲ್ಲ.

ಇನ್ನು ತೊಟ್ಟಿಕ್ಕುವ ವಿಷಯ. ಎಲ್ಲಿಂದ ತೊಟ್ಟಿಕ್ಕುತ್ತಿದೆ ಎಂದು ನೀವು ಬರೆದಿಲ್ಲ. ಯಾರೂ ಬರೆಯುವುದಿಲ್ಲ. ಮೂರು ಜಾಗ ಇವೆ, ಮೂರಕ್ಕೂ ಬೇರೆ ಬೇರೆ ಉತ್ತರ.

ತಣ್ಣೀರು ಒಳಹೋಗುವ ಕಡೆಯ ಸೇಫ್ಟಿ ವಾಲ್ವಿನಿಂದ, ಅದೂ ಗೀಸರ್ ಆನ್ ಇರುವಾಗ ಮಾತ್ರ ತೊಟ್ಟಿಕ್ಕಿದರೆ ಅದು ರೋಗವೇ ಅಲ್ಲ. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಬಂದರೆ ಹತ್ತಿರ ಹತ್ತಿರ 400 ಮಿಲಿಲೀಟರ್, ಎಂದರೆ ಎರಡು ಲೋಟದಷ್ಟು ಹೆಚ್ಚಾಗುತ್ತದೆ. ಆ ಎರಡು ಲೋಟ ಎಲ್ಲಿಗಾದರೂ ಹೋಗಬೇಕಲ್ಲ? ದಿನವಿಡೀ ತೊಟ್ಟಿಕ್ಕಿದರೆ ವಾಲ್ವಿನಲ್ಲಿ ಕಸ ಸಿಕ್ಕಿದೆ ಅಥವಾ ನೀರಿನ ಒತ್ತಡ ಹೆಚ್ಚಿದೆ. ಕಾಯಿಲ್ ಕೂರಿಸಿರುವ ಕೆಳಗಿನ ತಟ್ಟೆಯ ಅಂಚಿನಿಂದ ಬಂದರೆ ಸಂದಿ ಮುಚ್ಚುವ ರಬ್ಬರ್ ಗ್ಯಾಸ್ಕೆಟ್ ಹೋಗಿದೆ. ಅದರ ಬೆಲೆ ಇಬ್ಬರು ದರ್ಶಿನಿಯಲ್ಲಿ ತಿಂಡಿ ಕಾಫಿ ಮುಗಿಸಿದಷ್ಟು. ಆದರೆ ಅಲ್ಲಿಂದ ಜಾರಿದ ನೀರು ನೇರವಾಗಿ, ನೀರು ಕಾದೊಡನೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಮೇಲೆ, ವೈರಿನ ತುದಿಗಳ ಮೇಲೆ ಬೀಳುತ್ತದೆ. ನಿಮ್ಮ ಜುಮ್ಮಿಗೂ ಹನಿಗೂ ನಂಟಿರಬಹುದು ಎಂದು ನನ್ನ ಗುಮಾನಿ. ಮೂರನೆಯದು, ಗೀಸರ್ ಮೈಯ ಸಂದಿನಿಂದ ಕಂದು ನೀರು. ಒಳಗಿನ ಟ್ಯಾಂಕೇ ತೂತು. ಅದಕ್ಕೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವವನಿಗೆ ಕಾಫಿ ಕೊಟ್ಟು ಕಳಿಸಿ, ಹೊಸ ಗೀಸರ್ ತನ್ನಿ.

ಎಲ್ಲಕ್ಕಿಂತ ನನಗೆ ಭಯ ತರಿಸುವುದು ಹನಿ ನಿಲ್ಲಿಸುವ ಜಾಣರು. ಹೋದ ಜನವರಿಯಲ್ಲಿ ವಿಜಯನಗರದ ಒಂದು ಮನೆಗೆ ಹೋದೆ. ಗೀಸರ್ ಕುದಿಯುವ ಸದ್ದು ಬರುತ್ತಿದೆ ಎಂದು ಕರೆದಿದ್ದರು. ಸೇಫ್ಟಿ ವಾಲ್ವಿನ ಬಾಯಿಗೆ ಟೆಫ್ಲಾನ್ ಟೇಪ್ ಸುತ್ತಿದ ಡಮ್ಮಿ ಬಿರಡೆ ತಿರುಪಿ, ಮೇಲೆ ಎಂ-ಸೀಲ್ ಮೆತ್ತಿದ್ದರು. ಬೆರಳಚ್ಚು ಇನ್ನೂ ಅದರ ಮೇಲೆ ಕಾಣುತ್ತಿತ್ತು. ಕೆಳಗಿನ ಮುಚ್ಚಳ ಬಿಚ್ಚಿದರೆ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿದೆ, ಕರೆಂಟ್ ಕಡಿಯುತ್ತಲೇ ಇಲ್ಲ. ಅದು ಕೈಕೊಟ್ಟಾಗ ಕಾಯಬೇಕಾದ ಕಟೌಟನ್ನು ಹಿಂದೆ ಯಾರೋ ಒಂದು ತುಂಡು ವೈರ್ ಹಾಕಿ ಡೈರೆಕ್ಟ್ ಮಾಡಿದ್ದಾರೆ. ಮೂರು ಕಾವಲುಗಾರರಲ್ಲಿ ಒಬ್ಬ ಸತ್ತಿದ್ದ, ಇಬ್ಬರನ್ನು ಕೈಯಾರೆ ಕಟ್ಟಿಹಾಕಿದ್ದರು. ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರಿದಾಗ ನೀರು 100 ಡಿಗ್ರಿ ದಾಟಿದರೂ ಆವಿಯಾಗದೆ ಕೂತಿರುತ್ತದೆ. ಟ್ಯಾಂಕ್ ಒಡೆದ ಕ್ಷಣದಲ್ಲಿ ಅದರಲ್ಲೊಂದು ಪಾಲು ಒಟ್ಟಿಗೇ ಆವಿಯಾಗುತ್ತದೆ, ಒಂದು ಲೀಟರ್ ನೀರಿಗೆ 1,600 ಲೀಟರಿಗೂ ಹೆಚ್ಚು ಆವಿ. ಗೋಡೆ ನಿಲ್ಲುವುದಿಲ್ಲ. ಆ ಮನೆಯ ಯಜಮಾನರು ನನ್ನ ಹಿಂದೆ ನಿಂತು ಕೇಳಿದ್ದು, ‘ಸಂಕ್ರಾಂತಿಗೆ ಮಗಳು ಅಳಿಯ ಬರ್ತಾರೆ, ಅಲ್ಲೀವರೆಗೆ ಹೀಗೇ ನಡೆಯುತ್ತಾ?’ ಅಂತ. ನಾನು ಏನೂ ಹೇಳಲಿಲ್ಲ, ಗೀಸರನ್ನು ಗೋಡೆಯಿಂದ ಇಳಿಸಿದೆ.

‘ಚಳಿ ಕಳೆಯಲಿ’ ಎನ್ನುವ ಲೆಕ್ಕವೇ ತಲೆಕೆಳಗು. ಬೆಂಗಳೂರಿನಲ್ಲಿ ಗೀಸರಿಗೆ ನಿಜವಾದ ದುಡಿಮೆ ಇರುವುದೇ ಈ ಮೂರು ತಿಂಗಳು. ಬೇಸಿಗೆಯಲ್ಲಿ 28 ಡಿಗ್ರಿ ಇರುವ ಟ್ಯಾಂಕ್ ನೀರನ್ನು 2 ಕಿಲೋವ್ಯಾಟ್ ಕಾಯಿಲ್ 60 ಡಿಗ್ರಿಗೆ ತರಲು 28 ನಿಮಿಷ ಸಾಕು. ಜನವರಿ ಬೆಳಿಗ್ಗೆ 18 ಡಿಗ್ರಿ ಇದ್ದರೆ 37 ನಿಮಿಷ ಬೇಕು. ಅದು ಸಾಲದೆಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತೀರಿ. ಬೋರ್ ನೀರಾದರೆ ಕಾವು ಹೆಚ್ಚಿದಷ್ಟೂ ಸುಣ್ಣ ಬೇಗ ಬಿಟ್ಟುಕೊಳ್ಳುತ್ತದೆ, ಕಾಯಿಲ್ ಮೇಲೆ ಮೊಟ್ಟೆಯ ಓಡಿನಂತೆ ಕೂರುತ್ತದೆ, ಒಳಗಿನ ಶಾಖ ನೀರಿಗೆ ಇಳಿಯದೆ ಕಾಯಿಲ್ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಅಕ್ಟೋಬರಿನ ಹನಿ ಜನವರಿಯಲ್ಲಿ ಕೆಟ್ಟು ನಿಲ್ಲುವುದು ಹೀಗೆ.

ಕೆಟ್ಟು ನಿಂತಾಗ ಏನು ಮಾಡುತ್ತೀರಿ ಎಂಬುದು ನನಗೆ ಗೊತ್ತು. ಅಟ್ಟದಿಂದ ಇಮ್ಮರ್ಷನ್ ರಾಡ್ ಇಳಿಸುತ್ತೀರಿ. ಕಬ್ಬಿಣದ ಬಕೆಟ್, ಎರಡು ಪಿನ್ನಿನ ಪ್ಲಗ್, ಆನ್ ಇರುವಾಗಲೇ ‘ಕಾಯ್ತಾ’ ಅಂತ ಬೆರಳದ್ದಿ ನೋಡುವುದು. ಗೀಸರ್ ರಿಪೇರಿ ಮುಂದೂಡಬೇಡಿ ಎಂದು ನಾನು ಗಂಟಲು ಹರಿದುಕೊಳ್ಳುವುದಕ್ಕೆ ಗೀಸರಿಗಿಂತ ದೊಡ್ಡ ಕಾರಣ ಈ ರಾಡ್.

ಅತ್ತೆಯವರ ಚಿಂತೆ ಬಿಡಿ. ಕಾಯಿಲ್, ಗ್ಯಾಸ್ಕೆಟ್, ಥರ್ಮೋಸ್ಟಾಟ್ ಮೂರೂ ಬದಲಿಸಲು ಒಂದೂವರೆ ಗಂಟೆ ಸಾಕು. ಎರಡು ದಿನ ಹಿಡಿಯುವುದು ನಿಮ್ಮ 9 ವರ್ಷದ ಮಾಡೆಲ್ಲಿಗೆ ಹೊಂದುವ ಕಾಯಿಲ್ ಹುಡುಕುವುದಕ್ಕೆ. ಹಾಗಾಗಿ ಕೆಲಸದವನನ್ನು ಕರೆಯುವ ಮುಂಚೆಯೇ ಮಾಡೆಲ್ ನಂಬರಿನ ಫೋಟೊ ಕಳಿಸಿ. ಐಎಸ್‌ಐ ಗುರುತಿಲ್ಲದ ಕಾಯಿಲ್ ಅರ್ಧ ಬೆಲೆಗೆ ಸಿಗುತ್ತದೆ, ಬೇಡ. ಬಿಚ್ಚಿದಾಗ ಮೆಗ್ನೀಷಿಯಂ ರಾಡ್ ತೋರಿಸಲು ಹೇಳಿ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇಟ್ಟ ಸರಳು ಅದು. ಪೆನ್ಸಿಲ್ಲಿನಷ್ಟು ತೆಳ್ಳಗಾಗಿದ್ದರೆ ಬದಲಿಸಿ. ಅಲ್ಲಿಯವರೆಗೆ ಅಡುಗೆಮನೆಯ ಗ್ಯಾಸ್ ಮೇಲೆ ನೀರು ಕಾಯಿಸಿ, ಅರ್ಧ ಪಾತ್ರೆಯಷ್ಟೇ, ಮುಚ್ಚಳ ಹಾಕಿ ಬಚ್ಚಲಿಗೆ ಒಯ್ಯಿರಿ.

ನಮ್ಮಜ್ಜಿಗೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಒಲೆಯ ಬೂದಿ ತೆಗೆದು, ತೂತು ಬಿದ್ದಿದ್ದರೆ ಕಲಾಯಿಯವನಿಗೆ ಮೊದಲೇ ಕೊಟ್ಟಿರುತ್ತಿದ್ದಳು. ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನ. ಚಳಿ ಬರುವ ಮೊದಲೇ ಸರ್ವಿಸ್ ಮುಗಿದಿರುತ್ತಿತ್ತು. ನಾವು ಹಂಡೆ ಬಿಟ್ಟೆವು, ಆ ತಾರೀಕನ್ನೂ ಬಿಟ್ಟೆವು.

ಪ್ರಶ್ನೆ: ಬಾಡಿಗೆ ಮನೆ, ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್. ಈಚೆಗೆ ಉರಿ ಹಳದಿ ಬರುತ್ತಿದೆ, ಸ್ನಾನ ಮುಗಿಸಿದ ಮೇಲೆ ತಲೆನೋವು. ಓನರ್ ಮುಂದಿನ ತಿಂಗಳು ನೋಡೋಣ ಅಂತಾರೆ. (ಮತ್ತೀಕೆರೆ)

ಉತ್ತರ: ಇವತ್ತೇ ಸಿಲಿಂಡರ್ ಬಂದ್ ಮಾಡಿ. ಹಳದಿ ಉರಿ ಎಂದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಚಳಿ ಎಂದು ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ ಸ್ನಾನಕ್ಕಿಳಿದವರು ಹೆಣವಾಗಿ ಹೊರಬಂದದ್ದು ಈ ಊರಿಗೆ ಹೊಸತಲ್ಲ. ನಿಮ್ಮ ತಲೆನೋವು ಅದೇ ದಾರಿಯ ಮೊದಲ ಮೆಟ್ಟಿಲು. ಗ್ಯಾಸ್ ಗೀಸರ್ ಇರಬೇಕಾದ ಜಾಗ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ. ಓನರ್ ಒಪ್ಪದಿದ್ದರೆ ತಣ್ಣೀರು ಸ್ನಾನ ಮಾಡಿ, ನೆಗಡಿಯಾದೀತು, ಅಷ್ಟೇ.

ಪ್ರಶ್ನೆ: ಸೋಲಾರ್ ಇದೆ, ಮೋಡ ಕವಿದಾಗ ಬ್ಯಾಕಪ್ ಕಾಯಿಲ್ ಹಾಕುತ್ತೇವೆ. ಅದಕ್ಕೂ ಇದೆಲ್ಲ ಅನ್ವಯಿಸುತ್ತಾ? (ಬನಶಂಕರಿ)

ಉತ್ತರ: ಪೂರ್ತಿ. ಅದೂ ಗೀಸರೇ, ಮಳೆಯಲ್ಲಿ ನೆನೆಯುತ್ತ ತಾರಸಿಯ ಮೇಲೆ ಕೂತಿದೆ, ಯಾರೂ ಹತ್ತಿ ನೋಡುವುದಿಲ್ಲ. ಆವಿ ಹೊರಹೋಗಲು ಮೇಲೆ ಇಟ್ಟ ಏರ್ ವೆಂಟ್ ಪೈಪಿಗೆ ಬಿರಡೆ ಹಾಕಿದ್ದರೆ ತೆಗೆಸಿ.

ಪ್ರಶ್ನೆ: ಗೀಸರಿನೊಳಗೆ ಟಾಯ್ಲೆಟ್ ಆಸಿಡ್ ಬಿಟ್ಟರೆ ಸುಣ್ಣ ಹೋಗುತ್ತದಂತೆ, ವಾಟ್ಸಾಪ್‌ನಲ್ಲಿ ವಿಡಿಯೊ ಬಂದಿದೆ.

ಉತ್ತರ: ಸುಣ್ಣ ಹೋಗುತ್ತದೆ, ಮೆಗ್ನೀಷಿಯಂ ರಾಡೂ ಹೋಗುತ್ತದೆ, ಆಮೇಲೆ ಟ್ಯಾಂಕ್.

ಪ್ರಶ್ನೆ: ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಬೋರ್ ನೀರು ಮೆದುವಾಗುತ್ತದೆಯೇ?

ಉತ್ತರ: ಆ ಮ್ಯಾಗ್ನೆಟ್ಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಹಾಲಿನ ಲೆಕ್ಕದ ಚೀಟಿ ಸಿಕ್ಕಿಸಲು ಬರುತ್ತದೆ.

ಪ್ರಶ್ನೆ: ಸ್ನಾನ ಮಾಡುವಾಗ ಸ್ವಿಚ್ ಆಫ್ ಮಾಡಲೇಬೇಕೇ?

ಉತ್ತರ: ಮಾಡಿ. ಚರ್ಚೆ ಬೇಡ.

ಪ್ರಶ್ನೆ: ನೀವೇ ಒಮ್ಮೆ ನಮ್ಮ ಮನೆಗೆ ಬಂದು ನೋಡಬಹುದೇ? ಭಾನುವಾರವಾದರೆ ಅನುಕೂಲ. (ನಾಲ್ವರು ಓದುಗರು)

ಉತ್ತರ: ಈ ತಿಂಗಳು ಆಗುವುದಿಲ್ಲ, ಭಾನುವಾರವಂತೂ ಇಲ್ಲವೇ ಇಲ್ಲ. ಅಕ್ಟೋಬರಿನಲ್ಲಿ ಬೆಳಿಗ್ಗೆ 11 ಗಂಟೆಯಾದರೂ ಅಂಗಡಿಯಲ್ಲಿ ಪೇಪರ್ ಓದುತ್ತ ಕೂತಿರುತ್ತೇನೆ. ಆಗ ಒಬ್ಬರೂ ಫೋನ್ ಮಾಡುವುದಿಲ್ಲ.