ನಿಂಜಾ 650 ಬೈಕ್ ಇದೆ, ಹುಬ್ಬಳ್ಳಿಯಿಂದ ಚೆನ್ನೈ ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕ್‌ನಲ್ಲಿ ನಮ್ಮದೇ ಬೈಕ್ ಓಡಿಸುವ ದಿನ) ಹೋಗಬೇಕು. ಎಕ್ಸಾಸ್ಟ್ ಹಾಕಿಸಲೇ, ಬೇರೇನಾದರೂ ಮಾಡಿಸಲೇ?

ನೀವು ಹೇಳಿದ ಪ್ರಕಾರ ಕೈಯಲ್ಲಿ 60 ಸಾವಿರ ಇದೆ, ಟ್ರ್ಯಾಕ್‌ಗೆ ಇದೇ ಮೊದಲ ಸಲ, ಮನಸ್ಸಿರುವುದು ಫುಲ್ ಎಕ್ಸಾಸ್ಟ್ ಮೇಲೆ. ಎಕ್ಸಾಸ್ಟ್ ಬೇಡ್ರಿ. ಆ ದುಡ್ಡನ್ನು ಟೈರ್, ಬ್ರೇಕ್, ಮುಂದಿನ ಫೋರ್ಕ್ (ಮುಂದಿನ ಚಕ್ರದ ಶಾಕ್), ಈ ಕ್ರಮದಲ್ಲಿ ಹಾಕಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಇಲ್ಲದೆ ಸೈಲೆನ್ಸರ್ ಬದಲಿಸಿದರೆ ಈ 649 ಸಿಸಿ ಎಂಜಿನ್‌ನಲ್ಲಿ ಸದ್ದು ಏರುತ್ತದೆ, ಲ್ಯಾಪ್ ಟೈಮ್ ಇಳಿಯುವಷ್ಟು ಪವರ್ ಏರುವುದಿಲ್ಲ. ಅದೇ ಗಾಡಿಯನ್ನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಓಡಿಸುವಾಗ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಟೈರ್ ಮುಂದೆ 120/70, ಹಿಂದೆ 160/60, ಎರಡೂ 17 ಇಂಚು. ಸ್ಪೋರ್ಟ್ ರೇಡಿಯಲ್ ಜೋಡಿ ತಗೊಳ್ಳಿ, ಸ್ಲಿಕ್ (ಗೆರೆಯಿಲ್ಲದ ರೇಸ್ ಟೈರ್) ಬೇಡ. ಸ್ಲಿಕ್‌ಗೆ ವಾರ್ಮರ್ (ಟೈರ್ ಬಿಸಿ ಮಾಡುವ ಹೊದಿಕೆ) ಬೇಕು, ಹೊಸಬರು ಅದನ್ನು ಬಿಸಿ ಉಳಿಸಿಕೊಳ್ಳುವ ವೇಗಕ್ಕೆ ಹೋಗುವುದೂ ಇಲ್ಲ. ಗಾಳಿಗೆ ಟೈರ್ ಕಂಪನಿಯೇ ಟ್ರ್ಯಾಕ್ ಅಂಕಿ ಕೊಟ್ಟಿದ್ದರೆ ಅದೇ ಮೊದಲು. ಇಲ್ಲದಿದ್ದರೆ ತಣ್ಣಗಿರುವಾಗ ಮುಂದೆ 31, ಹಿಂದೆ 29 ಪಿಎಸ್‌ಐ ಇಟ್ಟು ಶುರು ಮಾಡಿ. ಸೆಷನ್ ಮುಗಿಸಿ ಪಿಟ್‌ಗೆ ಬಂದು ಒಂದು ನಿಮಿಷದೊಳಗೆ, ಹೆಲ್ಮೆಟ್ ತೆಗೆಯುವ ಮುಂಚೆಯೇ, ಗೇಜ್ ಹಚ್ಚಿ. 4-5 ಏರಿದ್ದರೆ ಸರಿ ಇದೆ. 7-8 ಏರಿದ್ದರೆ ಶುರುವಿನಲ್ಲಿ ಗಾಳಿ ಕಡಿಮೆ ಇತ್ತು ಅಂತ ಅರ್ಥ, ಟೈರ್ ಮಡಚಿ ಮಡಚಿ ಕಾದಿದೆ. ಮುಂದಿನ ಸಲ ತಣ್ಣಗಿರುವಾಗ 2 ಹೆಚ್ಚಿಗೆ ಹಾಕಿ. ಬರೀ 2 ಏರಿದ್ದರೆ ಗಾಳಿ ಜಾಸ್ತಿ ಇದೆ, ಅಥವಾ ನೀವಿನ್ನೂ ನಿಧಾನ ಇದ್ದೀರಿ. ಇಡೀ ದಿನ ಒಂದೇ ಗೇಜ್ ಬಳಸಿ. ಪೆಟ್ರೋಲ್ ಬಂಕಿನ ಗೇಜ್ ಒಂದೊಂದು ಕಡೆ ಒಂದೊಂದು ಹೇಳುತ್ತದೆ.

ಬ್ರೇಕ್ ವಿಷಯದಲ್ಲಿ ಚೆನ್ನೈ ಕೊಯಮತ್ತೂರಿನಂತಲ್ಲ. ಕೊಯಮತ್ತೂರಿನ ಕರಿ ಟ್ರ್ಯಾಕ್ 2.1 ಕಿ.ಮೀ., ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈದು 3.7 ಕಿ.ಮೀ. ನೇರ ದಾರಿ ಉದ್ದ, ವೇಗ ಹೆಚ್ಚು, ಡಿಸ್ಕ್ ಕಾಯುವುದೂ ಹೆಚ್ಚು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಲಿವರ್ ಹ್ಯಾಂಡಲ್‌ವರೆಗೆ ಬಂದುಬಿಡುತ್ತದೆ. ಹಾಗಾಗಿ ಹೊರಡುವ ವಾರ ಹಳೆಯದನ್ನು ಪೂರ್ತಿ ತೆಗೆದು ಮೋಟುಲ್ ಆರ್‌ಬಿಎಫ್ 600 ಹಾಕಿಸಿ. ಅದು ಹೊಸದಿದ್ದಾಗ 312 ಡಿಗ್ರಿಯವರೆಗೆ ತಡೆಯುತ್ತದೆ. ಬ್ಲೀಡ್ ಮಾಡುವಾಗ (ಹಳೆ ಆಯಿಲ್, ಗಾಳಿ ಹೊರಹಾಕುವಾಗ) ಲಿವರ್ ಒತ್ತಿ, ಕ್ಯಾಲಿಪರ್‌ನ ನಿಪ್ಪಲ್ ಸಡಿಲಿಸಿ, ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಲಿವರ್ ಬಿಡಬೇಕು. ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿರಿ, ಈ ಆಯಿಲ್ ಬಣ್ಣ ತಿನ್ನುತ್ತದೆ. ಜೊತೆಗೆ ಸಿಂಟರ್ಡ್ (ಲೋಹದ ಪುಡಿಯ) ಪ್ಯಾಡ್, ಸ್ಟೀಲ್ ಹೆಣಿಗೆಯ ಬ್ರೇಕ್ ಪೈಪ್ (ಬ್ರೇಡೆಡ್ ಲೈನ್) ಹಾಕಿಸಿ. ಲೈನ್ ಹಾಕುವಾಗ ಅದರ ತುದಿ ಹಿಡಿಯುವ ಬ್ಯಾಂಜೋ ಬೋಲ್ಟಿನ ವಾಷರ್ ಹೊಸದೇ ಇರಲಿ.

ಈ ಗಾಡಿಯ ಮುಂದಿನ ಫೋರ್ಕ್‌ಗೆ ಹೊರಗಿನಿಂದ ಅಡ್ಜಸ್ಟ್‌ಮೆಂಟ್ ಇಲ್ಲ, ಅದಕ್ಕೇ ಸ್ಯಾಗ್ (ನಿಮ್ಮ ಭಾರಕ್ಕೆ ಫೋರ್ಕ್ ಎಷ್ಟು ಕುಸಿಯುತ್ತದೆ ಎಂಬುದು) ಅಳೆಯುವುದು ಮುಖ್ಯ. ಮುಂದಿನ ಚಕ್ರ ನೆಲದಿಂದ ಎತ್ತಿ ಕ್ರೋಮ್ ರಾಡಿನ ಕಾಣುವ ಉದ್ದ ಅಳೆಯಿರಿ. ಆಮೇಲೆ ಚಕ್ರ ಇಳಿಸಿ, ರೈಡಿಂಗ್ ಸೂಟು, ಹೆಲ್ಮೆಟ್ ಎಲ್ಲ ಹಾಕಿಕೊಂಡು ಕುಳಿತು ಮತ್ತೆ ಅಳೆಸಿ. ವ್ಯತ್ಯಾಸ 30-35 ಮಿ.ಮೀ. ಇರಬೇಕು. 45 ಬಂದರೆ ಒಳಗಿನ ಸ್ಪೇಸರ್ (ಸ್ಪ್ರಿಂಗ್ ಮೇಲೆ ಕೂರುವ ಕೊಳವೆ) 10 ಮಿ.ಮೀ. ಉದ್ದ ಮಾಡಿಸಿ, ಗೋಕುಲ ರಸ್ತೆಯ ಲೇಥ್‌ನವರಿಗೆ ಇದು ಸಣ್ಣ ಕೆಲಸ. ಫೋರ್ಕ್ ಕ್ಯಾಪ್ ಬಿಚ್ಚುವಾಗ ಮುಖ ಪಕ್ಕಕ್ಕೆ ಇರಲಿ, ಸ್ಪ್ರಿಂಗ್ ಕೆಳಗಿನಿಂದ ತಳ್ಳುತ್ತಿರುತ್ತದೆ. 20 ಮಿ.ಮೀ. ಸೇರಿಸಿದರೂ ಸಾಲದಿದ್ದರೆ ನಿಮ್ಮ ತೂಕಕ್ಕೆ ಸ್ಪ್ರಿಂಗೇ ಮೆತ್ತಗಿದೆ, ಬದಲಿಸಬೇಕು. ಕ್ರೋಮ್ ರಾಡಿಗೆ ಒಂದು ಕೇಬಲ್ ಟೈ ಕಟ್ಟಿ ಡಸ್ಟ್ ಸೀಲ್‌ವರೆಗೆ ಇಳಿಸಿಡಿ. ಸೆಷನ್ ಮುಗಿದಾಗ ಮುಂದಿನ ಚಕ್ರ ಎತ್ತಿ ನೋಡಿ, ಅದು ಸೀಲ್‌ನಿಂದ ಎಷ್ಟು ಮೇಲೆ ನಿಂತಿದೆಯೋ ಫೋರ್ಕ್ ಅಷ್ಟು ಕುಸಿದಿತ್ತು. ಒಟ್ಟು ಓಟ 125 ಮಿ.ಮೀ.; ಟೈ 110-115ರ ಹತ್ತಿರ ನಿಂತಿದ್ದರೆ ಒಳ್ಳೆಯದು, ಪೂರ್ತಿ ಮೇಲೆ ಹೋಗಿದ್ದರೆ ಜೋರು ಬ್ರೇಕಿನಲ್ಲಿ ಫೋರ್ಕ್ ತಳ ಬಡಿಯುತ್ತಿದೆ.

ಲೇಥ್‌ಗೆ ಹೋದಾಗಲೇ ಎಂಜಿನ್ ಆಯಿಲ್ ಡ್ರೇನ್ ಬೋಲ್ಟಿನ ತಲೆಗೆ 1.5 ಮಿ.ಮೀ. ತೂತು ಹಾಕಿಸಿ, ಬೋಲ್ಟ್ ತಾನಾಗಿ ಸಡಿಲವಾಗದ ಹಾಗೆ ಸ್ಟೀಲ್ ತಂತಿಯಿಂದ ಬಿಗಿಯುವ ದಿಕ್ಕಿಗೆ ಎಳೆದು ಕಟ್ಟಿ. ಆಯಿಲ್ ಫಿಲ್ಟರ್‌ಗೆ ಹೋಸ್ ಕ್ಲಿಪ್ ಸುತ್ತಿ ಅದನ್ನೂ ಕಟ್ಟಿ. ಆಯೋಜಕರು ಕೇಳದಿದ್ದರೂ ಮಾಡಿ, ನಿಮ್ಮ ಆಯಿಲ್ ಮೇಲೆ ಜಾರುವವರು ಹಿಂದೆ ಬರುತ್ತಿರುವವರು. ಕೂಲಂಟ್‌ನ ಗ್ಲೈಕಾಲ್ ಕೂಡ ಹಾಗೇ ಜಾರುತ್ತದೆ. ಅದನ್ನು ತೆಗೆದು ಡಿಸ್ಟಿಲ್ಡ್ ವಾಟರ್, ಜೊತೆಗೆ ವಾಟರ್ ವೆಟರ್ (ಗ್ಲೈಕಾಲ್ ಇಲ್ಲದೆ ತಂಪು ಹೆಚ್ಚಿಸುವ ದ್ರವ) ಹಾಕಿ. ಬೋರ್‌ವೆಲ್ ನೀರು ಬೇಡ, ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ಕನ್ನಡಿ ಬಿಚ್ಚಿ, ಲೈಟ್‌ಗೆಲ್ಲ ಟೇಪ್ ಹಚ್ಚಿ.

ಹುಬ್ಬಳ್ಳಿಯ ಎನ್‌ಎಚ್ 48 ನೇರ ಇರುಂಗಾಟ್ಟುಕೋಟೈವರೆಗೂ ಹೋಗುತ್ತದೆ, 700ಕ್ಕೂ ಹೆಚ್ಚು ಕಿ.ಮೀ. ಓಡಿಸಿಕೊಂಡೇ ಹೋಗುವ ಆಸೆ ಬೇಡ. ಹೊಸ ಟೈರಿನ ನಡುಭಾಗ ದಾರಿಯಲ್ಲೇ ಸವೆಯತೊಡಗುತ್ತದೆ, ಟ್ರ್ಯಾಕ್‌ನಲ್ಲಿ ಬಿದ್ದು ಲಿವರ್ ಮುರಿದರೆ ವಾಪಸ್ ಬರುವ ದಾರಿಯೂ ಮುಚ್ಚುತ್ತದೆ. ಇಬ್ಬರು ಮೂವರು ಸೇರಿ ಗೂಡ್ಸ್ ಗಾಡಿ ಮಾಡಿ. ಹಗ್ಗ ಬೇಡ, ರಾಚೆಟ್ ಸ್ಟ್ರಾಪ್ ಬಳಸಿ. ಮುಂದಿನ ಎರಡನ್ನು ಕೆಳಗಿನ ಟ್ರಿಪಲ್ ಕ್ಲ್ಯಾಂಪಿಗೆ (ಎರಡೂ ಫೋರ್ಕ್ ಹಿಡಿದಿರುವ ಅಡ್ಡ ತುಂಡು) ಹಾಕಿ ಫೋರ್ಕ್ ಅರ್ಧ ಕುಸಿಯುವಷ್ಟು ಮಾತ್ರ ಎಳೆಯಿರಿ, ಪೂರ್ತಿ ಎಳೆದರೆ ಆಯಿಲ್ ಸೀಲ್ ಸೋರಬಹುದು. ಚಿತ್ರದುರ್ಗದ ಹತ್ತಿರ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿ ನೋಡಿ. ಬಿಡಿಭಾಗ ಅಲ್ಲಿ ಸಿಗುತ್ತದೆ ಅಂತ ನಂಬಬೇಡಿ: ಎರಡು ಲಿವರ್, ಗೇರ್ ಪೆಡಲ್, ಒಂದು ಜೊತೆ ಪ್ಯಾಡ್, ಟಾರ್ಕ್ ವ್ರೆಂಚ್ ಇಲ್ಲಿಂದಲೇ ಹೋಗಲಿ. ಮಾಮೂಲಿ ಇನ್ಶೂರೆನ್ಸ್ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಅನ್ವಯಿಸುವುದಿಲ್ಲ. ಬಿದ್ದರೆ ಖರ್ಚು ನಿಮ್ಮದೇ ಅಂತ ಲೆಕ್ಕ ಹಾಕಿ, 60 ಸಾವಿರದಲ್ಲಿ ಒಂದಿಷ್ಟು ಮುಟ್ಟದೆ ಇಟ್ಟುಕೊಳ್ಳಿ.