ನಟನ ಮೇಲಿನ ಅಭಿಮಾನ ಬರೀ ಹುಚ್ಚಾ?

ನಟನೊಬ್ಬ ತೀರಿಕೊಂಡರೆ ಊರಿಗೆ ಊರೇ ಬಂದ್ ಆಗಬೇಕಾ, ಇಂಥ ಅಭಿಮಾನದಿಂದ ಯಾರಿಗೇನು ಲಾಭ ಅಂತ ಕೇಳಿದ್ದೀರಿ. ಬಂದ್ ಖಂಡಿತ ಬೇಡ. ಲಾಭದ ಮಾತಿಗೆ ನನ್ನ ಬಳಿ ಬೇರೆ ಉತ್ತರ ಇದೆ.

2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ಹೋದಾಗ ಬೆಂಗಳೂರಿನಲ್ಲಿ ಕಲ್ಲು ತೂರಾಟ, ಬೆಂಕಿ, ಗೋಲಿಬಾರ್. ಸತ್ತವರಲ್ಲಿ ಒಬ್ಬ ಪೊಲೀಸ್ ಪೇದೆಯೂ ಇದ್ದರು. ಅದು ದುಃಖವಲ್ಲ, ಪುಂಡಾಟ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ದಿಢೀರನೆ ತೀರಿಕೊಂಡಾಗ ಸರ್ಕಾರಕ್ಕೆ ಅದೇ ಭಯ. ಮದ್ಯದಂಗಡಿ ಮುಚ್ಚಿಸಿ, ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮ ದರ್ಶನಕ್ಕೆ ಬಿಟ್ಟರು. ಲಕ್ಷಾಂತರ ಜನ ಸಾಲಿನಲ್ಲಿ ನಿಂತು ನೋಡಿ ಹೋದರು.

ಅಪ್ಪನ ಹಾಗೆ ಮಗನ ಕಣ್ಣುಗಳೂ ದಾನವಾದವು. ಸಾಮಾನ್ಯವಾಗಿ ಎರಡು ಕಣ್ಣು ಇಬ್ಬರಿಗೆ. ಇಲ್ಲಿ ನಾರಾಯಣ ನೇತ್ರಾಲಯದ ವೈದ್ಯರು ಕಣ್ಣಿನ ಮುಂಭಾಗದ ಪಾರದರ್ಶಕ ಭಾಗವಾದ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾವನ್ನೇ ಪದರವಾಗಿ ಬಿಡಿಸಿದರು. ಮುಂದಿನ ಪದರ ಹಾಳಾದವರಿಗೆ ಮುಂದಿನದು, ಹಿಂದಿನದು ಹಾಳಾದವರಿಗೆ ಹಿಂದಿನದು. ಒಟ್ಟು ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ವರ್ಷಗಟ್ಟಲೆ ಜಾಹೀರಾತು ಕೊಟ್ಟರೂ ಹುಟ್ಟದ ಉತ್ಸಾಹ ಅದು! ಕಟೌಟಿಗೆ ಹಾಲೆರೆಯುವ ಹುಡುಗರೇ ಅರ್ಜಿ ತುಂಬಿದ್ದರೆ ನನಗಂತೂ ಆಶ್ಚರ್ಯವಿಲ್ಲ.

ಹೆಸರು ಬರೆಸಿದರಷ್ಟೇ ಸಾಲದು. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ಮನೆಯವರೇ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಬರೆಸಿದ್ದರೆ ಉಳಿದವರಿಗೂ ಈ ವಿಷಯ ಹೇಳಿಡಿ.